ಕಡಲು ದಾಟಿದ ಗಾಜಿನ ಹೂವುಗಳು

ದಸರೆ ಮುಗಿದ ಮೇಲೆ ಗೊಂಬೆ ಕೂರಿಸುವ ಮನೆಗಳಲ್ಲಿ ಒಂದು ಕೆಲಸ ಸದ್ದಿಲ್ಲದೆ ನಡೆಯುತ್ತದೆ. ಮೆಟ್ಟಿಲುಗಳ ಮೇಲೆ ಸಾಲಾಗಿ ಕುಳಿತಿದ್ದ ಗೊಂಬೆಗಳನ್ನು ಒಂದೊಂದಾಗಿ ಇಳಿಸಿ, ಹಳೆಯ ಸೀರೆಯ ತುಂಡಿನಲ್ಲೋ ಪತ್ರಿಕೆಯ ಹಾಳೆಯಲ್ಲೋ ಸುತ್ತಿ ಪೆಟ್ಟಿಗೆಗೆ ಸೇರಿಸುವ ಕೆಲಸ. ಗೊಂಬೆ ಜೋಡಿಸುವಾಗ ಮಕ್ಕಳಿಗೆ ಇರುವ ಸಲಿಗೆ ಆಗ ಇರುವುದಿಲ್ಲ. ಯಾವ ಗೊಂಬೆಯ ಕೈ ಹಿಂದೊಮ್ಮೆ ಮುರಿದು ಅಂಟಿಸಿದ್ದು, ಯಾವುದು ತಳಕ್ಕೆ ಹೋಗಬೇಕು, ಯಾವುದು ಮೇಲಿರಬೇಕು ಎಂಬುದು ಮನೆಯ ಹಿರಿಯರೊಬ್ಬರಿಗೆ ಮಾತ್ರ ಗೊತ್ತು. ಮುಂದಿನ ವರ್ಷ ಆ ಪೆಟ್ಟಿಗೆಯನ್ನು ಬಿಚ್ಚುವವರೂ ಅವರೇ.

ನಡುಮನೆಯಿಂದ ಅಟ್ಟಕ್ಕೆ ಹೋಗುವ ಗೊಂಬೆಗೇ ಇಷ್ಟು ಜೋಪಾನ ಬೇಕು. ಹಾಗಾದರೆ ಸಾಗರವನ್ನು ದಾಟಬೇಕಾದ ಗಾಜಿನ ಹೂವಿಗೆ? ಅದೂ ಎಸಳು ಕಾಗದದಷ್ಟು ತೆಳುವಾಗಿ, ಕೇಸರಗಳು ಎಳೆ ದಾರದಷ್ಟು ಸಪೂರವಾಗಿರುವ ಹೂವಿಗೆ?

ಅಂಥ ಹೂವುಗಳು ಜರ್ಮನಿಯ ಒಂದು ಹಳ್ಳಿಯಿಂದ ಅಮೆರಿಕಕ್ಕೆ, ಒಂದೆರಡು ಬಾರಿಯಲ್ಲ, ಸುಮಾರು ಐವತ್ತು ವರ್ಷಗಳ ಕಾಲ ಹಡಗಿನಲ್ಲಿ ಹೋದವು. ಅವು ಇಂದು ಮಸಾಚುಸೆಟ್ಸ್ ರಾಜ್ಯದ ಕೇಂಬ್ರಿಜ್ ನಗರದಲ್ಲಿರುವ ಹಾರ್ವರ್ಡ್ ವಿಶ್ವವಿದ್ಯಾಲಯದ ವಸ್ತುಸಂಗ್ರಹಾಲಯದಲ್ಲಿವೆ. ಸುಮಾರು 780 ಜಾತಿಯ ಸಸ್ಯಗಳು. ಬಿಡಿ ಭಾಗಗಳನ್ನೂ ಸೇರಿಸಿದರೆ ಹೆಚ್ಚುಕಡಿಮೆ 4,300 ಮಾದರಿಗಳು. ನೋಡಲು ಬಂದವರು ಇವನ್ನು ಮಾಡಿದವರ ಕೈಚಳಕಕ್ಕೆ ಬೆರಗಾಗುತ್ತಾರೆ. ಇವು ಇಲ್ಲಿಗೆ ಬಂದು ಸೇರಿದ ಬಗೆಯೂ ಅಷ್ಟೇ ಬೆರಗಿನದು. ಈ ಲೇಖನ ಹೇಳಹೊರಟಿರುವುದು ಆ ಪ್ರಯಾಣದ ಕಥೆಯನ್ನು.

ಗಾಜೇ ಏಕೆ?

ಹತ್ತೊಂಬತ್ತನೆಯ ಶತಮಾನದ ಸಸ್ಯಶಾಸ್ತ್ರದ ಮೇಷ್ಟ್ರುಗಳಿಗೆ ಒಂದು ತೊಡಕಿತ್ತು. ಪಾಠಕ್ಕೆ ಹೂವು ಬೇಕು. ಆದರೆ ಹೂವು ಬಿಡುವ ಕಾಲದಲ್ಲಿ ಮಾತ್ರ ಅದು ಸಿಗುತ್ತದೆ. ಒತ್ತಿ ಒಣಗಿಸಿಟ್ಟರೆ ಚಪ್ಪಟೆಯಾಗುತ್ತದೆ, ಬಣ್ಣ ಕಂದುತ್ತದೆ. ಮೇಣದಲ್ಲಿ ಮಾಡಿದ ಹೂವು ಸೆಕೆಗೆ ಸೊರಗುತ್ತದೆ. ಕಾಗದದ ಮುದ್ದೆಯಿಂದ ಮಾಡಿದ ಮಾದರಿ ಗಟ್ಟಿಮುಟ್ಟು. ಆದರೆ ಅದರಲ್ಲಿ ನಿಜವಾದ ಹೂವಿನ ನವಿರಿಲ್ಲ. ಚಳಿಗಾಲದಲ್ಲಿ ಹಿಮ ಮುಚ್ಚುವ ಊರಿನಲ್ಲಿ ಬಾಳೆಯ ಹೂವನ್ನೋ ಗೇರುಹಣ್ಣನ್ನೋ ವಿದ್ಯಾರ್ಥಿಗಳಿಗೆ ತೋರಿಸುವುದು ಹೇಗೆ?

ಹಾರ್ವರ್ಡ್‌ನ ಸಸ್ಯ ವಸ್ತುಸಂಗ್ರಹಾಲಯದ ಮೊದಲ ನಿರ್ದೇಶಕ ಜಾರ್ಜ್ ಲಿಂಕನ್ ಗುಡೇಲ್ ಅವರನ್ನು ಕಾಡುತ್ತಿದ್ದುದೂ ಇದೇ ಪ್ರಶ್ನೆ. ಅದೇ ವಿಶ್ವವಿದ್ಯಾಲಯದ ಪ್ರಾಣಿಶಾಸ್ತ್ರದ ಸಂಗ್ರಹಾಲಯದಲ್ಲಿ ಅವರು ಗಾಜಿನಲ್ಲಿ ಮಾಡಿದ ಕಡಲ ಜೀವಿಗಳನ್ನು ಕಂಡಿದ್ದರು. ಮದ್ಯಸಾರದ ಸೀಸೆಗೆ ಹಾಕಿದರೆ ಬಣ್ಣವೂ ಆಕಾರವೂ ಕೆಟ್ಟು ಮುದ್ದೆಯಾಗುವ ಜೆಲ್ಲಿಮೀನು, ಕಡಲಹೂವುಗಳು ಗಾಜಿನಲ್ಲಿ ನೀರಿನೊಳಗೇ ಇರುವಂತೆ ಹೊಳೆಯುತ್ತಿದ್ದವು. ಕಡಲ ಜೀವಿಯನ್ನು ಹೀಗೆ ಮಾಡಬಲ್ಲವರು ಗಿಡವನ್ನೇಕೆ ಮಾಡಲಾರರು? ಗುಡೇಲ್ 1886ರಲ್ಲಿ ಜರ್ಮನಿಗೆ ಹೊರಟರು.

ತಂದೆ, ಮಗ ಮತ್ತು ತಿದಿ

ಅವರು ಹುಡುಕಿಕೊಂಡು ಹೋದದ್ದು ಡ್ರೆಸ್ಡೆನ್ ಸಮೀಪದ ಹೋಸ್ಟರ್ವಿಟ್ಸ್ ಎಂಬ ಹಳ್ಳಿಗೆ. ಅಲ್ಲಿ ಲಿಯೊಪೋಲ್ಡ್ ಬ್ಲಾಷ್ಕಾ ಮತ್ತು ಅವರ ಮಗ ರುಡಾಲ್ಫ್ ವಾಸವಾಗಿದ್ದರು. ದೊಡ್ಡ ಕಾರ್ಖಾನೆಯಾಗಲಿ ಕೂಲಿಯಾಳುಗಳಾಗಲಿ ಇರಲಿಲ್ಲ. ಒಂದು ಮರದ ಮೇಜು, ಒಂದು ದೀಪ, ಕಾಲಿನಿಂದ ಒತ್ತುವ ತಿದಿ, ಇಕ್ಕಳ, ಚಿಮಟ. ದೀಪದ ಉರಿಗೆ ಗಾಜಿನ ಕಡ್ಡಿ ಹಿಡಿದು, ಅದು ಮೆತ್ತಗಾದಾಗ ಎಳೆದು, ಚಿವುಟಿ, ಬಾಗಿಸಿ ಆಕಾರ ಕೊಡುವುದು ಅವರ ಕಸುಬು.

ಬೊಹೀಮಿಯದಲ್ಲಿ 1822ರಲ್ಲಿ ಹುಟ್ಟಿದ ಲಿಯೊಪೋಲ್ಡ್ ಗಾಜಿನ ಕೆಲಸಗಾರರ ವಂಶದವರು. 1850ರಲ್ಲಿ ಹೆಂಡತಿ ಕಾಲರಾದಿಂದ ಸತ್ತರು. ಎರಡು ವರ್ಷಗಳಲ್ಲಿ ತಂದೆಯೂ ತೀರಿಕೊಂಡರು. ನೊಂದ ಅವರು 1853ರಲ್ಲಿ ಅಮೆರಿಕಕ್ಕೆ ಹಡಗು ಹತ್ತಿದರು. ಗಾಳಿ ಬಿದ್ದುಹೋಗಿ, ಹಾಯಿಹಡಗು ಅಜೋರ್ಸ್ ದ್ವೀಪಗಳ ಬಳಿ ಎರಡು ವಾರ ಅಲುಗದೆ ನಿಂತಿತು. ಆ ಬಿಡುವಿನಲ್ಲಿ ಅವರು ನೀರಿನಲ್ಲಿ ತೇಲುತ್ತಿದ್ದ ಜೆಲ್ಲಿಮೀನುಗಳನ್ನು ನೋಡಿ ಚಿತ್ರ ಬರೆದುಕೊಂಡರು. ಮುಂದೆ ಅವರಿಗೆ ಹೆಸರು ತಂದ ಕಡಲ ಜೀವಿಗಳ ಮೂಲ ಆ ಚಿತ್ರಗಳಲ್ಲಿತ್ತು.

ಊರಿಗೆ ಮರಳಿದ ಮೇಲೆ ಅವರು ಗಾಜಿನ ಕಣ್ಣುಗಳನ್ನು ಮಾಡಿದರು, ಒಡವೆ ಮಾಡಿದರು. ಬಿಡುವಿನ ವೇಳೆಯಲ್ಲಿ ಹೂವುಗಳನ್ನೂ ಮಾಡತೊಡಗಿದರು. ರಾಜಕುಮಾರ ಕಮಿಲ್ ದ ರೋಹಾನ್ 1860ರ ಆಸುಪಾಸಿನಲ್ಲಿ ತಮ್ಮ ತೋಟದ ಆರ್ಕಿಡ್‌ಗಳನ್ನು ಅವರಿಂದ ಗಾಜಿನಲ್ಲಿ ಮಾಡಿಸಿಕೊಂಡರು. ಅದನ್ನು ಕಂಡ ಡ್ರೆಸ್ಡೆನ್ ಸಂಗ್ರಹಾಲಯದ ನಿರ್ದೇಶಕರು 1863ರಲ್ಲಿ ಕಡಲಹೂವುಗಳನ್ನು ಮಾಡಿಕೊಡಲು ಕೇಳಿದರು. ಅಲ್ಲಿಂದ ಮುಂದೆ ಕಡಲ ಜೀವಿಗಳೇ ಅವರ ಹೊಟ್ಟೆಪಾಡಾದವು. ಅನೇಕ ದೇಶಗಳ ಸಂಗ್ರಹಾಲಯಗಳು ಕೊಂಡುಕೊಂಡವು. ಆರ್ಕಿಡ್‌ಗಳ ಗತಿ ಬೇರೆಯಾಯಿತು. ಬೆಲ್ಜಿಯಂನ ಲಿಯೇಜ್ ನಗರ ಸೇರಿದ್ದ ಆ ಸುಮಾರು ನೂರು ಮಾದರಿಗಳು 1868ರಲ್ಲಿ ಬೆಂಕಿಗೆ ಸಿಕ್ಕಿ ನಾಶವಾದವು.

ಗುಡೇಲ್ ಹೋದಾಗ ಅವರ ಮನೆಯ ಗೂಡಿನಲ್ಲಿ ಕೆಲವು ಗಾಜಿನ ಆರ್ಕಿಡ್‌ಗಳು ಇದ್ದವು. ಅವನ್ನು ನೋಡಿದ ಕೂಡಲೇ ಗುಡೇಲ್‌ಗೆ ತಾವು ಬಂದ ಕೆಲಸ ಆಗುತ್ತದೆಂಬ ಧೈರ್ಯ ಬಂತು. ಲಿಯೊಪೋಲ್ಡ್ ಮಾತ್ರ ಸುಲಭವಾಗಿ ಒಪ್ಪಲಿಲ್ಲ. ಕೈತುಂಬ ಕೆಲಸವಿರುವಾಗ, ಒಮ್ಮೆ ಮಾಡಿ ಬೆಂಕಿಪಾಲಾದ ಹೂವುಗಳ ಸಹವಾಸ ಮತ್ತೇಕೆ? ಕೊನೆಗೆ ಮಾದರಿಗೆಂದು ಕೆಲವನ್ನು ಮಾಡಿ ಕಳುಹಿಸಲು ಒಪ್ಪಿದರು.

ಒಡೆದು ಬಂದ ಪೆಟ್ಟಿಗೆ

ಈ ಮೊದಲ ಕಂತು ಅಟ್ಲಾಂಟಿಕ್ ಸಾಗರವನ್ನು ದಾಟಿತು. ಕಡಲಿನ ಅಲೆಗಳು ಮಾಡದ ಅನಾಹುತವನ್ನು ನ್ಯೂಯಾರ್ಕಿನ ಸುಂಕದ ಕಟ್ಟೆ ಮಾಡಿತು. ಒಳಗೇನಿದೆ ಎಂದು ನೋಡಲು ಅಧಿಕಾರಿಗಳು ಪೆಟ್ಟಿಗೆ ಬಿಚ್ಚಿದರು; ಸರಕನ್ನು ಒರಟಾಗಿ ತಡಕಿದರು. ಹಾರ್ವರ್ಡ್ ತಲುಪುವ ವೇಳೆಗೆ ಹೆಚ್ಚಿನವು ಚೂರಾಗಿದ್ದವು.

ಅಧಿಕಾರಿಗಳನ್ನು ಪೂರ್ತಿ ದೂರುವಂತಿಲ್ಲ. ಪೆಟ್ಟಿಗೆಯಲ್ಲಿ ಕಾಗದದಲ್ಲಿ ಬರೆದದ್ದೇ ಇದೆಯೋ ಬೇರೇನಾದರೂ ಅಡಗಿದೆಯೋ ಎಂದು ನೋಡುವುದು ಅವರ ಕೆಲಸ. ಆದರೆ ಹೀಗೆ ಕಟ್ಟಿದ ವಸ್ತುವಿಗೆ ಬಿಚ್ಚುವ ಒಂದು ಕ್ರಮವಿದೆ. ಯಾವ ತಂತಿಯನ್ನು ಮೊದಲು ಸಡಿಲಿಸಬೇಕು, ಯಾವ ದಿಕ್ಕಿನಿಂದ ಎತ್ತಬೇಕು ಎಂದು ತಿಳಿಯದ ಕೈ ಎಷ್ಟೇ ಒಳ್ಳೆಯ ಕಟ್ಟನ್ನೂ ಕೆಡಿಸಬಲ್ಲದು. ಇಷ್ಟಾಗಿ ಒಮ್ಮೆ ಬಿಚ್ಚಿದ ಕಟ್ಟನ್ನು ಮತ್ತೆ ಮೊದಲಿನಂತೆ ಕಟ್ಟುವವರು ಬಂದರಿನಲ್ಲಿ ಯಾರಿದ್ದರು?

ಬೇರೆ ಯಾರಾದರೂ ಆಗಿದ್ದರೆ ಈ ವ್ಯವಹಾರ ಅಲ್ಲಿಗೇ ಮುಗಿಯುತ್ತಿತ್ತು. ಗುಡೇಲ್ ಆ ಚೂರುಗಳನ್ನೇ ಹಿಡಿದು ಹಣ ಹೊಂದಿಸಲು ಹೊರಟರು. ಅವರ ಶಿಷ್ಯೆಯಾಗಿದ್ದ ಮೇರಿ ಲೀ ವೇರ್ ಮತ್ತು ತಾಯಿ ಎಲಿಜಬೆತ್ ವೇರ್ ಬೋಸ್ಟನ್ನಿನ ಸ್ಥಿತಿವಂತ ಮನೆಯವರು. ಮುರಿದ ಎಸಳು, ತುಂಡಾದ ಕಾಂಡಗಳಲ್ಲೇ ಅವರು ಇಡೀ ಹೂವು ಹೇಗಿದ್ದೀತೆಂದು ಕಂಡುಕೊಂಡರು. ಖರ್ಚು ತಾವು ಕೊಡುವುದಾಗಿ ಹೇಳಿದರು. ಎಲಿಜಬೆತ್ ಅವರ ಪತಿ, ವೈದ್ಯ ಚಾರ್ಲ್ಸ್ ಎಲಿಯಟ್ ವೇರ್ 1887ರಲ್ಲಿ ತೀರಿಕೊಂಡಿದ್ದರು. ಇಡೀ ಸಂಗ್ರಹ ಅವರ ನೆನಪಿಗೆ ಅರ್ಪಿತವಾಗಿದೆ.

ಮೊದಲಿಗೆ ಬ್ಲಾಷ್ಕಾಗಳು ತಮ್ಮ ಅರ್ಧ ಸಮಯವನ್ನು ಹಾರ್ವರ್ಡ್‌ಗೆ ಕೊಡಲು ಒಪ್ಪಿದರು. 1890ರಲ್ಲಿ ಹತ್ತು ವರ್ಷಗಳ ಹೊಸ ಒಪ್ಪಂದವಾಯಿತು. ವರ್ಷಕ್ಕೆ 8,800 ಮಾರ್ಕ್ ಸಂಭಾವನೆ. ಅವರು ಇನ್ನಾರಿಗೂ ಕೆಲಸ ಮಾಡುವಂತಿಲ್ಲ. ಕಡಲ ಜೀವಿಗಳ ತಯಾರಿಕೆ ಅಲ್ಲಿಗೆ ನಿಂತಿತು. ಇಬ್ಬರು ಕುಶಲಕರ್ಮಿಗಳು ತಮ್ಮ ಜೀವನಾಧಾರವನ್ನು ಸಂಪೂರ್ಣವಾಗಿ ಸಾಗರದಾಚೆಯ ಒಂದೇ ಗಿರಾಕಿಗೆ ಒಪ್ಪಿಸಿದ್ದರು. ಇನ್ನು ಮುಂದೆ ಪ್ರತಿಯೊಂದು ಹೂವೂ ಹಡಗು ಹತ್ತಲೇಬೇಕು. ಪ್ರತಿಯೊಂದೂ ಇಡಿಯಾಗಿ ಇಳಿಯಲೇಬೇಕು.

ಕಟ್ಟುವ ವಿದ್ಯೆ

ಗಾಜು ಗಟ್ಟಿ ವಸ್ತುವೇ. ಆದರೆ ಅದಕ್ಕೆ ಬಾಗುವ ಗುಣವಿಲ್ಲ. ಪೆಟ್ಟು ಬಿದ್ದಾಗ ಲೋಹ ತಗ್ಗಿ ತಾಳಿಕೊಳ್ಳುತ್ತದೆ. ಗಾಜಿನಲ್ಲಿ ಪೆಟ್ಟಿನ ಬಲವೆಲ್ಲ ಒಂದು ಸಣ್ಣ ಜಾಗದಲ್ಲಿ ಸೇರಿ ಬಿರುಕಾಗುತ್ತದೆ, ಬಿರುಕು ಕ್ಷಣದಲ್ಲಿ ಓಡುತ್ತದೆ. ಆದ್ದರಿಂದ ಗಾಜನ್ನು ಸಾಗಿಸುವವನು ಎರಡು ಕೆಲಸ ಮಾಡಬೇಕು. ಒಂದು, ವಸ್ತು ಒಳಗೆ ಅಲುಗದಂತೆ ಬಿಗಿಯಬೇಕು. ಇನ್ನೊಂದು, ಹೊರಗಿನ ಪೆಟ್ಟು ಒಳಗೆ ತಲುಪುವ ಮೊದಲೇ ಅದನ್ನು ಹೀರುವ ಮೆತ್ತೆ ಒದಗಿಸಬೇಕು. ಬರೀ ಬಿಗಿದರೆ ಪೆಟ್ಟು ನೇರವಾಗಿ ತಾಗುತ್ತದೆ. ಬರೀ ಮೆತ್ತೆಯಿಟ್ಟರೆ ವಸ್ತು ಅದರೊಳಗೇ ಸರಿದಾಡಿ ಒಂದಕ್ಕೊಂದು ಬಡಿಯುತ್ತದೆ.

ನಮ್ಮವರಿಗೆ ಇದು ಹೊಸ ಸಂಗತಿಯೇನಲ್ಲ. ಬಳೆಗಾರ ತನ್ನ ಮಲಾರದಲ್ಲಿ ಬಳೆಗಳನ್ನು ಬಿಡಿಯಾಗಿ ಸುರಿಯುವುದಿಲ್ಲ. ದಾರಕ್ಕೆ ಪೋಣಿಸಿ ಒತ್ತಾಗಿ ಕಟ್ಟುತ್ತಾನೆ. ಅಲುಗಲು ಜಾಗವಿಲ್ಲದ ಬಳೆ ಒಡೆಯುವುದು ಕಡಿಮೆ. ಸಂತೆಗೆ ಗಾಡಿಯಲ್ಲಿ ಮಡಕೆ ಹೇರುವ ಕುಂಬಾರ ತಳಕ್ಕೆ ಹುಲ್ಲು ಹಾಸಿ, ಮಡಕೆಗಳ ನಡುವೆಯೂ ಹುಲ್ಲು ತುರುಕುತ್ತಾನೆ. ಮೊದಲನೆಯದು ಬಿಗಿ, ಎರಡನೆಯದು ಮೆತ್ತೆ.

ಬ್ಲಾಷ್ಕಾಗಳು ಎರಡನ್ನೂ ಕೂಡಿಸಿದರು. ಪ್ರತಿ ಮಾದರಿಯನ್ನೂ ಗಟ್ಟಿಯಾದ ರಟ್ಟಿನ ಮೇಲಿಟ್ಟು ತಂತಿಯಿಂದ ಕಟ್ಟುತ್ತಿದ್ದರು. ಆ ರಟ್ಟನ್ನು ಪೆಟ್ಟಿಗೆಯೊಳಗಿಟ್ಟು, ತೆಳು ಕಾಗದದ ಆಸರೆ ಕೊಡುತ್ತಿದ್ದರು. ಇಂಥ ಹಲವು ಪೆಟ್ಟಿಗೆಗಳು ಒಂದು ದೊಡ್ಡ ಮರದ ಪೆಟ್ಟಿಗೆಗೆ ಸೇರುತ್ತಿದ್ದವು. ಸುತ್ತ ಒಣಹುಲ್ಲು, ಅದರ ಮೇಲೆ ಗೋಣಿತಟ್ಟಿನ ಹೊದಿಕೆ. ಹೊರಗಿನಿಂದ ನೋಡಿದರೆ ಯಾವುದೋ ದಿನಸಿಯ ಮೂಟೆಯಂತಿದ್ದಿರಬೇಕು. ಡ್ರೆಸ್ಡೆನ್ ಒಳನಾಡಿನ ಊರು. ಹಡಗು ಸೇರುವ ಮೊದಲೇ ಈ ಹೊರೆ ನೆಲದ ದಾರಿಯ ಕುಲುಕಾಟವನ್ನು ತಾಳಿಕೊಳ್ಳಬೇಕಿತ್ತು. ಹಡಗಿನಲ್ಲಿ ಹೊಯ್ದಾಟ, ಬಂದರಿನಲ್ಲಿ ಏರಿಸಿ ಇಳಿಸುವ ಹಮಾಲಿ, ಮತ್ತೆ ನೆಲದ ದಾರಿ.

ಹಾದಿಯಲ್ಲಿ ಉಳಿದಿದ್ದ ಅಪಾಯ ಸುಂಕದ ಕಟ್ಟೆಯೊಂದೇ. ಅದಕ್ಕೂ ಹಾರ್ವರ್ಡ್ ಒಂದು ದಾರಿ ಮಾಡಿಕೊಂಡಿತು. ಪೆಟ್ಟಿಗೆಗಳನ್ನು ಬಂದರಿನಲ್ಲಿ ಬಿಚ್ಚದೆ ನೇರವಾಗಿ ಕೇಂಬ್ರಿಜ್‌ಗೆ ತರುವುದು. ಅಲ್ಲಿ ಸುಂಕದ ಅಧಿಕಾರಿಯ ಕಣ್ಣೆದುರಿಗೇ ಸಂಗ್ರಹಾಲಯದವರು ತಮ್ಮ ಕೈಯಾರೆ ಬಿಚ್ಚುವುದು. ಕಾನೂನಿಗೂ ಭಂಗವಿಲ್ಲ, ಹೂವಿಗೂ ಭಂಗವಿಲ್ಲ. ಇಷ್ಟು ಸರಳವಾದ ಏರ್ಪಾಡು ಹೊಳೆಯಬೇಕಾದರೆ ಒಂದು ಕಂತು ಪೂರ್ತಿ ಒಡೆಯಬೇಕಾಯಿತು. ಸಂಗ್ರಹವನ್ನು 1893ರಲ್ಲಿ ವಿಶ್ವವಿದ್ಯಾಲಯಕ್ಕೆ ವಿಧಿವತ್ತಾಗಿ ಒಪ್ಪಿಸಲಾಯಿತು. ಅದಾದ ಮೇಲೂ ಪೆಟ್ಟಿಗೆಗಳು ಬರುತ್ತಲೇ ಇದ್ದವು.

ಒಬ್ಬಂಟಿ ಮಗ

ಅತ್ತಲಿಂದ ಹೂವು ಬಂದಂತೆ ಇತ್ತಲಿಂದ ಗಿಡವೂ ಹೋಗುತ್ತಿತ್ತು. ಅಮೆರಿಕದ ಸಸ್ಯಗಳ ಬೀಜ ತರಿಸಿ ಬ್ಲಾಷ್ಕಾಗಳು ತಮ್ಮ ತೋಟದಲ್ಲಿ ಬೆಳೆಸಿಕೊಂಡರು. ಬೆಳೆಯಲಾಗದ ಗಿಡಗಳನ್ನು ಕಾಣಲು ರುಡಾಲ್ಫ್ 1892ರಲ್ಲಿ ಜಮೈಕಾ ಮತ್ತು ಅಮೆರಿಕದಲ್ಲಿ ಸುತ್ತಿ ಚಿತ್ರ, ಟಿಪ್ಪಣಿ ಮಾಡಿಕೊಂಡು ಬಂದರು. 1895ರಲ್ಲಿ ಮತ್ತೊಮ್ಮೆ ಅಮೆರಿಕಕ್ಕೆ ಹೋದಾಗ ಊರಿನಲ್ಲಿ ತಂದೆ ತೀರಿಕೊಂಡರು. ಅಂದಿನಿಂದ ಮೇಜಿನ ಮುಂದೆ ಕುಳಿತದ್ದು ರುಡಾಲ್ಫ್ ಒಬ್ಬರೇ.

ಬಾಳೆ, ಗೇರು ಮೊದಲಾದ ಉಷ್ಣವಲಯದ ಗಿಡಗಳೂ ಈ ಸಂಗ್ರಹದಲ್ಲಿವೆ. ನಮ್ಮ ಕರಾವಳಿಯವರಿಗೆ ಗೇರು ಹೊಸದಲ್ಲ. ಪೋರ್ಚುಗೀಸರ ಹಡಗಿನಲ್ಲಿ ಬ್ರೆಜಿಲ್‌ನಿಂದ ಬಂದು ನಮ್ಮದೇ ಆದ ಗಿಡ ಅದು. ಅದೇ ಗೇರು ಗಾಜಾಗಿ ಜರ್ಮನಿಯಿಂದ ಇನ್ನೊಂದು ಸಾಗರ ದಾಟಿತು. ಪ್ರತಿ ಗಿಡಕ್ಕೂ ನಿಜವಾದ ಗಾತ್ರದ ಒಂದು ಮಾದರಿ. ಜತೆಗೆ ಹಲವು ಪಟ್ಟು ಹಿಗ್ಗಿಸಿ ತೋರಿಸಿದ ಹೂವಿನ ಭಾಗಗಳು, ಅಂಡಾಶಯದ ಸೀಳುನೋಟ. ಹೂವಿನಿಂದ ಹೂವಿಗೆ ದುಂಬಿ ಪರಾಗ ಒಯ್ಯುವ ಬಗೆಯನ್ನು ತೋರಿಸುವ ಮಾದರಿಗಳೂ ಉಂಟು. 1920ರ ದಶಕದಲ್ಲಿ ರುಡಾಲ್ಫ್ ಕೊಳೆತ ಹಣ್ಣುಗಳನ್ನೂ ಗಾಜಿನಲ್ಲಿ ಮಾಡಿದರು. ಬೂಷ್ಟು ಹಿಡಿದ ಹಣ್ಣು, ರೋಗ ಬಿದ್ದ ಎಲೆ ಕೃಷಿ ಕಲಿಯುವವರಿಗೆ ಪಾಠವಾದವು.

1914ರಲ್ಲಿ ಮಹಾಯುದ್ಧ ಆರಂಭವಾಯಿತು. 1917ರಲ್ಲಿ ಅಮೆರಿಕವೂ ಜರ್ಮನಿಯ ಮೇಲೆ ಯುದ್ಧ ಸಾರಿತು. ಹೂವಿನ ಪೆಟ್ಟಿಗೆಯ ಎರಡು ತುದಿಗಳು ಈಗ ಶತ್ರುದೇಶಗಳು. ಹುಲ್ಲು ಎಷ್ಟು ತುರುಕಿದರೂ ಯುದ್ಧದ ಪೆಟ್ಟನ್ನು ಹೀರುವಂತಿರಲಿಲ್ಲ, ಸಾಗಣೆ ನಿಂತಿತು. ಗುಡೇಲ್ 1923ರಲ್ಲಿ ತೀರಿಕೊಂಡರು. ಆದರೆ ಮೇರಿ ವೇರ್ ಕೈಬಿಡಲಿಲ್ಲ. ಯುದ್ಧ ಮುಗಿದ ಮೇಲೆ ಕೆಲಸ ಮತ್ತೆ ಕುದುರಿತು. ರುಡಾಲ್ಫ್ 1936ರಲ್ಲಿ, ಎಪ್ಪತ್ತೊಂಬತ್ತರ ವಯಸ್ಸಿನಲ್ಲಿ ತಿದಿಯಿಂದ ಕಾಲು ತೆಗೆದರು. ಮೇರಿ ವೇರ್ 1937ರಲ್ಲೂ ರುಡಾಲ್ಫ್ 1939ರಲ್ಲೂ ಕಣ್ಮುಚ್ಚಿದರು. ರುಡಾಲ್ಫ್‌ಗೆ ಮಕ್ಕಳಿರಲಿಲ್ಲ, ಶಿಷ್ಯರೂ ಇರಲಿಲ್ಲ. ಒಡೆದುಹೋದರೆ ಅಂಥದೇ ಮತ್ತೊಂದು ಮಾಡಿಸಿಕೊಳ್ಳುವ ದಾರಿ ಅಲ್ಲಿಗೆ ಮುಚ್ಚಿತು.

ಶವವಾಹನದಲ್ಲಿ ಸವಾರಿ

ಅದಾದ ಮೇಲೆ ಹಾರ್ವರ್ಡ್ ಈ ಹೂವುಗಳನ್ನು ಹೊರಗೆ ಕಳುಹಿಸಲು ಹಿಂಜರಿದರೆ ಆಶ್ಚರ್ಯವಿಲ್ಲ. 1976ರಲ್ಲಿ ಕೆಲವು ಮಾದರಿಗಳನ್ನು ಪ್ರದರ್ಶನಕ್ಕಾಗಿ ನ್ಯೂಯಾರ್ಕಿಗೆ ಒಯ್ಯಬೇಕಾಯಿತು. ಯಾವ ವಾಹನದಲ್ಲಿ ಕುಲುಕಾಟ ಎಲ್ಲಕ್ಕಿಂತ ಕಡಿಮೆ? ಯೋಚಿಸಿ ನೋಡಿದಾಗ ಸಿಕ್ಕ ಉತ್ತರ ವಿಚಿತ್ರವಾಗಿತ್ತು: ಶವವಾಹನ. ಉದ್ದನೆಯ ಒಡಲು, ಮೆತ್ತನೆಯ ಸ್ಪ್ರಿಂಗು, ನಿಧಾನದ ಓಟ. ಬಾಡದ ಹೂವುಗಳು ಹೀಗೆ ಶವವಾಹನದಲ್ಲಿ ಪಯಣಿಸಿದವು!

ಇಂದು ಪ್ರದರ್ಶನದ ವಸ್ತುಗಳನ್ನು ದೇಶದಿಂದ ದೇಶಕ್ಕೆ ಸಾಗಿಸುವುದೇ ಒಂದು ದೊಡ್ಡ ಉದ್ಯಮ. ಒಣಹುಲ್ಲಿನ ಜಾಗಕ್ಕೆ ವಸ್ತುವಿನ ಆಕಾರಕ್ಕೆ ಸರಿಯಾಗಿ ಕೊರೆದ ಫೋಮ್ ಬಂದಿದೆ. ಹುಲ್ಲಿನಲ್ಲಿ ಕೀಟ, ಕಳೆಯ ಬೀಜ ಸೇರಿಕೊಂಡು ಬರುತ್ತವೆಂದು ಅನೇಕ ದೇಶಗಳು ಅದನ್ನು ಒಳಗೇ ಬಿಡುವುದಿಲ್ಲ. ಮರದ ಪೆಟ್ಟಿಗೆಗೂ 2002ರಲ್ಲಿ ಅಂತರರಾಷ್ಟ್ರೀಯ ನಿಯಮ ಬಂತು. ಮರವನ್ನು ಒಳತಿರುಳಿನವರೆಗೂ 56 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕನಿಷ್ಠ 30 ನಿಮಿಷ ಕಾಯಿಸುವುದು ಅದರಲ್ಲಿ ಹೇಳಿರುವ ಒಂದು ವಿಧಾನ. ಹಾಗೆ ಸಂಸ್ಕರಿಸಿದ ಪೆಟ್ಟಿಗೆಯ ಮೇಲೆ ಮುದ್ರೆ ಇರಬೇಕು. ಬ್ಲಾಷ್ಕಾಗಳ ಪೆಟ್ಟಿಗೆ ಇಂದು ಬಂದಿದ್ದರೆ ಹುಲ್ಲಿಗೂ ಮರಕ್ಕೂ ಲೆಕ್ಕ ಒಪ್ಪಿಸಬೇಕಾಗುತ್ತಿತ್ತು.

ಪೆಟ್ಟಿಗೆಯೊಳಗೆ ಕುಲುಕಾಟವನ್ನೂ ಉಷ್ಣತೆಯನ್ನೂ ದಾಖಲಿಸುವ ಪುಟ್ಟ ಉಪಕರಣ ಇರುತ್ತದೆ. ತಲುಪಿದ ಪೆಟ್ಟಿಗೆಯನ್ನು ತಕ್ಷಣ ಬಿಚ್ಚುವುದಿಲ್ಲ. ಹೊಸ ಜಾಗದ ಹವೆಗೆ ಹೊಂದಲು ಸಾಮಾನ್ಯವಾಗಿ 24 ಗಂಟೆ ಬಿಡುತ್ತಾರೆ. ಬೆಲೆಬಾಳುವ ವಸ್ತುಗಳ ಜತೆಗೆ ಕಳುಹಿಸಿದ ಸಂಗ್ರಹಾಲಯದ ಸಿಬ್ಬಂದಿಯೊಬ್ಬರು ಪಯಣಿಸಿ, ಬಿಚ್ಚುವಾಗ ಎದುರಿಗಿರುವ ರೂಢಿಯಿದೆ. ಸುಂಕದ ತಪಾಸಣೆ ಬಂದರಿನ ಬದಲು ಸಂಗ್ರಹಾಲಯದಲ್ಲೇ ನಡೆಯುವುದೂ ಉಂಟು. ಉಪಕರಣಗಳು ಹೊಸವು. ಒಳಗೆ ಬಿಗಿ, ಹೊರಗೆ ಮೆತ್ತೆ, ತಿಳಿದವರ ಕೈಯಿಂದಲೇ ಬಿಚ್ಚು ಎಂಬ ಮೂರು ಮಾತುಗಳು ಮಾತ್ರ ಹೋಸ್ಟರ್ವಿಟ್ಸ್‌ನ ಕಾಲದವೇ.

ಉಳಿದದ್ದು, ಅಳಿದದ್ದು

ಈ ಕಥೆಗೆ ಇನ್ನೊಂದು ತುದಿಯಿದೆ. 1863ರಲ್ಲಿ ಲಿಯೊಪೋಲ್ಡ್ ತಮ್ಮದೇ ಊರಿನ ಪಕ್ಕದ ಡ್ರೆಸ್ಡೆನ್ ಸಂಗ್ರಹಾಲಯಕ್ಕೆ ಮಾಡಿಕೊಟ್ಟಿದ್ದ ಕಡಲಹೂವುಗಳು ಸಾಗರ ದಾಟಲಿಲ್ಲ. ಹಮಾಲರ ಕೈಗಾಗಲಿ ಸುಂಕದವರ ಕೈಗಾಗಲಿ ಸಿಗಲಿಲ್ಲ. ಅವು ಎರಡನೆಯ ಮಹಾಯುದ್ಧದಲ್ಲಿ ಡ್ರೆಸ್ಡೆನ್ ಮೇಲೆ ನಡೆದ ಬಾಂಬ್ ದಾಳಿಯಲ್ಲಿ ನಾಶವಾದವು. ಮನೆಯ ಹತ್ತಿರವೇ ಉಳಿದ ಗಾಜು ಹೋಯಿತು. ಹುಲ್ಲಿನಲ್ಲಿ ಹುದುಗಿ ಅಟ್ಲಾಂಟಿಕ್ ದಾಟಿದ ಗಾಜು ಉಳಿಯಿತು.

ಹಾರ್ವರ್ಡ್‌ನ ಹೂವುಗಳಿಗೂ ವಯಸ್ಸಾಗಿದೆ. ಕೆಲವೆಡೆ ಅಂಟು ಬಿಟ್ಟಿದೆ, ಬಣ್ಣದ ಲೇಪ ಕೆಟ್ಟಿದೆ. ತಜ್ಞರು ಒಂದೊಂದಾಗಿ ಶುಚಿಗೊಳಿಸಿ, ದುರಸ್ತಿ ಮಾಡುತ್ತ ಬಂದಿದ್ದಾರೆ. ನವೀಕರಿಸಿದ ಪ್ರದರ್ಶನಾಲಯ 2016ರಲ್ಲಿ ಮತ್ತೆ ತೆರೆಯಿತು. ಅಲ್ಲಿ ಬ್ಲಾಷ್ಕಾ ತಂದೆಮಗನ ಹೆಸರಿದೆ, ವೇರ್ ಮನೆತನದ ಹೆಸರಿದೆ. ಪೆಟ್ಟಿಗೆ ಹೊತ್ತವರ, ಹಡಗಿನ ಒಡಲಿನಲ್ಲಿ ಅದನ್ನು ಜೋಡಿಸಿದವರ, ಕೇಂಬ್ರಿಜ್‌ನಲ್ಲಿ ಉಸಿರು ಬಿಗಿಹಿಡಿದು ತಂತಿ ಬಿಡಿಸಿದವರ ಹೆಸರುಗಳು ನಮಗೆ ಗೊತ್ತಿಲ್ಲ. ಅವರಲ್ಲಿ ಯಾರೊಬ್ಬರ ಕೈ ತಪ್ಪಿದ್ದರೂ ಆ ಕಪಾಟುಗಳಲ್ಲಿ ಒಂದಷ್ಟು ಜಾಗ ಖಾಲಿಯಾಗಿರುತ್ತಿತ್ತು.

ಮುಂದಿನ ದಸರೆಗೆ ಅಟ್ಟದಿಂದ ಪೆಟ್ಟಿಗೆ ಇಳಿಸುವಾಗ, ಅದನ್ನು ಕಟ್ಟಿಟ್ಟ ಹಿರಿಯರು ಎದುರಿಗಿದ್ದರೆ ಅವರನ್ನೇ ಬಿಚ್ಚಲು ಕರೆಯುವುದು ಮೇಲು. ಮಕ್ಕಳು ಪಕ್ಕದಲ್ಲಿ ಕುಳಿತು ನೋಡಿ ಕಲಿಯಲಿ. ರುಡಾಲ್ಫ್ ಬ್ಲಾಷ್ಕಾ ಪಕ್ಕದಲ್ಲಿ ಹಾಗೆ ಕುಳಿತು ಕಲಿತವರು ಯಾರೂ ಇರಲಿಲ್ಲ.